ದುಡಿಮೆಯಲ್ಲಿ ವಿಶ್ವಾಸದ ಪಾಠ ಕಂಡುಕೊಳ್ಳುವ ಬಗೆ

ತೋಟದಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ ದುಡಿಯುತ್ತಲೇ ದೇವರ ಪಾಠವನ್ನು ಕಂಡುಕೊಳ್ಳಬೇಕೆಂಬ ಆಸೆ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬೇಳ, ಕಯ್ಯಾರು ಕಡೆಯ ಅನೇಕ ಕ್ರೈಸ್ತ ಮನೆಗಳಲ್ಲಿದೆ. ಆ ಆಸೆ ಒಳ್ಳೆಯದೇ, ಆದರೆ ಅದು ಬಹಳ ಸಲ ತಪ್ಪು ತುದಿಯಿಂದ ಹೊರಡುತ್ತದೆ. ತಾಳ್ಮೆ ಇರಬೇಕು, ನಂಬಿಕೆ ಇರಬೇಕು ಎಂಬ ನೀತಿಯನ್ನು ಮೊದಲೇ ಗೊತ್ತುಮಾಡಿಕೊಂಡು, ಆಮೇಲೆ ಅದಕ್ಕೆ ಹೊಂದುವ ಘಟನೆಯೊಂದನ್ನು ದಿನಚರಿಯಿಂದ ಆರಿಸಿ ತರುತ್ತೇವೆ. ಹಾಗೆ ಮಾಡಿದರೆ ನಾವು ಮೊದಲೇ ಬಲ್ಲದ್ದಷ್ಟೇ ನಮಗೆ ಮತ್ತೆ ಸಿಗುತ್ತದೆ. ಕೆಲಸವನ್ನು ಮೊದಲು ಕೆಲಸವಾಗಿಯೇ ನೋಡಿ, ಅನಂತರ ಅದನ್ನು ಬೈಬಲಿನ ವಾಕ್ಯದ ಮುಂದೆ ತಂದು, ಸಿಕ್ಕ ಪಾಠ ನನ್ನನ್ನೇ ಮೊದಲು ಪ್ರಶ್ನಿಸುವಂತೆ ಬಿಟ್ಟುಕೊಡುವುದು ಸರಿಯಾದ ಕ್ರಮವೆಂದು ನಾನು ನಂಬುತ್ತೇನೆ.

ಯೇಸುವಿನ ಬೋಧನೆಯೇ ಇದಕ್ಕೆ ಆಧಾರ. ಮಾರ್ಕನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಊರಿನವರು ಆತನನ್ನು ಬಡಗಿಯೆಂದೇ ಗುರುತಿಸುತ್ತಾರೆ. ಆತನ ಸಾಮ್ಯಗಳಲ್ಲಿ ಬರುವ ಬಿತ್ತನೆ, ಬಲೆ, ಹುಳಿಹಿಟ್ಟು, ಕೂಲಿ ಇವೆಲ್ಲ ಹತ್ತಿರದಿಂದ ಬಲ್ಲವನ ಮಾತುಗಳು. ಬೀಜ ಬಿದ್ದ ನೆಲ ದಾರಿಯೋ, ಬಂಡೆಯೋ, ಮುಳ್ಳೋ ಎಂಬುದನ್ನು ನೋಡಿದವನಿಗೆ ಮಾತ್ರ ಆ ಸಾಮ್ಯ ಹೊಳೆಯಲು ಸಾಧ್ಯ. ಪೌಲನೂ ಕೊರಿಂಥದಲ್ಲಿ ಅಕ್ವಿಲನ ಜತೆ ಗುಡಾರ ಕಟ್ಟುವ ಕೆಲಸ ಮಾಡುತ್ತಲೇ ಸುವಾರ್ತೆ ಸಾರಿದನು.

ಆದ್ದರಿಂದ ನಿಮ್ಮ ಕೆಲಸದ ಒಂದು ಸಣ್ಣ ಭಾಗವನ್ನು ಮಾತ್ರ ಆರಿಸಿಕೊಂಡು, ಅದು ನಡೆಯುವ ರೀತಿಯನ್ನು ವಿವರವಾಗಿ ಗಮನಿಸಿ. ಅಡಿಕೆ ತೋಟವಿರುವವರು ಮಳೆಗಾಲಕ್ಕೆ ಮೊದಲು ಕೊಳೆರೋಗ ತಡೆಯಲು ತಯಾರಿಸುವ ಬೋರ್ಡೋ ಮಿಶ್ರಣವನ್ನೇ ತೆಗೆದುಕೊಳ್ಳಬಹುದು. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, ಒಟ್ಟು 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತಿನ ದ್ರಾವಣವನ್ನು ಸುಣ್ಣದ ನೀರಿಗೆ ಸೇರಿಸಬೇಕು. ಸುಣ್ಣ ಸಾಲದಿದ್ದರೆ ಆ ಮಿಶ್ರಣವೇ ಗಿಡವನ್ನು ಸುಡುತ್ತದೆ. ಅದಕ್ಕಾಗಿ ಹೊಳೆಯುವ ಕಬ್ಬಿಣದ ಕತ್ತಿಯನ್ನು ಅದ್ದಿ, ಅಲಗಿನ ಮೇಲೆ ತಾಮ್ರದ ಕೆಂಪು ಕೂರುತ್ತದೆಯೇ ಎಂದು ನೋಡುತ್ತಾರೆ, ಕೂತರೆ ಇನ್ನಷ್ಟು ಸುಣ್ಣ ಹಾಕುತ್ತಾರೆ. ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕೆಂದು 1 ಥೆಸಲೋನಿಕ 5:21 ಹೇಳುವುದನ್ನು ಈ ಕೆಲಸದ ನಡುವೆ ಓದಿದವನಿಗೆ, ರೋಗ ತಡೆಯುವ ಉದ್ದೇಶವೊಂದೇ ಸಾಲದು, ಒಳ್ಳೆಯ ಮಾತೂ ಅಳತೆ ತಪ್ಪಿದರೆ ಸುಡುತ್ತದೆ ಎಂಬುದು ಅರ್ಥವಾಗುತ್ತದೆ. ಮಕ್ಕಳನ್ನು ತಿದ್ದುವ ತಾಯಿತಂದೆಯರಿಗೂ ಸಭೆಯ ಹಿರಿಯರಿಗೂ ಇದು ನೇರವಾಗಿ ತಾಗುವ ಪಾಠ.

ಎರಡನೆಯದಾಗಿ, ಕೆಲಸಕ್ಕೆ ಹತ್ತಿರವಾದ ವಾಕ್ಯಭಾಗವನ್ನು ಹುಡುಕಿ ಪೂರ್ತಿ ಓದಿ; ಒಂದೇ ವಚನವನ್ನು ಕಿತ್ತುಕೊಂಡು ಬರಬೇಡಿ. ನಮ್ಮ ಕಡೆ ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ತರುವ ಸುರಂಗಗಳಿವೆಯಲ್ಲ, ಅವುಗಳ ಜತೆ ಆದಿಕಾಂಡದ 26ನೆಯ ಅಧ್ಯಾಯವನ್ನು ಓದಬೇಕು. ಸುರಂಗ ಕೊರೆಯುವವರು ಒಳಗೆ ಉರಿಸಿಟ್ಟ ದೀಪ ಆರಿದರೆ ಗಾಳಿ ಸಾಲದೆಂದು ತಿಳಿದು ಹೊರಬರುತ್ತಾರೆ. ನೀರು ಸಿಕ್ಕಿದ ಮೇಲೆ ಅದು ಪಂಪಿಲ್ಲದೆ ತಾನಾಗಿ ಹರಿದು ಬರುತ್ತದೆ. ಇಲ್ಲಿಂದ ತಾಳ್ಮೆಯ ಪಾಠ ಸುಲಭವಾಗಿ ಸಿಗುತ್ತದೆ, ಆದರೆ ಆ ಅಧ್ಯಾಯದಲ್ಲಿರುವ ಇಸಾಕನ ಕಥೆ ನಮ್ಮಿಂದ ಕೇಳುವುದು ಬೇರೆಯದನ್ನು. ತಂದೆಯ ಕಾಲದ ಬಾವಿಗಳನ್ನು ಅವನು ಮತ್ತೆ ತೋಡಿಸುತ್ತಾನೆ. ಅವನ ಆಳುಗಳು ಹೊಸ ಒರತೆ ಕಂಡಾಗ ಗೆರಾರಿನ ಕುರುಬರು ನೀರು ನಮ್ಮದೆಂದು ಜಗಳಕ್ಕೆ ಬರುತ್ತಾರೆ. ಅವನು ಇನ್ನೊಂದು ಬಾವಿ ತೋಡಿಸುತ್ತಾನೆ, ಅಲ್ಲಿಯೂ ಜಗಳ. ಮುಂದೆ ಹೋಗಿ ಮತ್ತೊಂದನ್ನು ತೋಡಿಸಿದಾಗ ಜಗಳವಿಲ್ಲ, ಅದಕ್ಕೆ ರೆಹೋಬೋತ್, ಅಂದರೆ ವಿಶಾಲವಾದ ಸ್ಥಳ, ಎಂದು ಹೆಸರಿಡುತ್ತಾನೆ. ಕಥೆ ಅಲ್ಲಿಗೂ ಮುಗಿಯುವುದಿಲ್ಲ: ತನ್ನನ್ನು ಹೊರಗೆ ಕಳುಹಿಸಿದ ಗೆರಾರಿನ ಅರಸ ಅಬೀಮೆಲೆಕನೇ ಬಂದಾಗ ಇಸಾಕನು ಅವನಿಗೆ ಔತಣ ಮಾಡಿಸಿ, ಒಡಂಬಡಿಕೆ ಮಾಡಿಕೊಳ್ಳುತ್ತಾನೆ. ತಗ್ಗಿನ ತೋಟದ ಅಣ್ಣತಮ್ಮಂದಿರ ಜತೆ ನೀರಿನ ಪಾಲಿಗಾಗಿ ಮಾತು ಬಿಟ್ಟಿರುವವರು ಈ ಅಧ್ಯಾಯವನ್ನು ಕೊನೆಯವರೆಗೆ ಓದಿದರೆ, ಮುಂದಿನ ಹೆಜ್ಜೆ ಏನೆಂದು ಅವರಿಗೆ ಬೇರೆಯವರು ಹೇಳಬೇಕಾಗಿಲ್ಲ.

ಸುಲಭವಾಗಿ ಸಿಕ್ಕ ಪಾಠವನ್ನು ಬದಿಗಿಟ್ಟು, ನನಗೆ ಕಷ್ಟವಾಗುವ ಪಾಠವನ್ನು ಹುಡುಕಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ. ಕೂಲಿಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಉಪ್ಪಳ, ಬಂದ್ಯೋಡುಗಳಂಥ ಪೇಟೆಗಳಲ್ಲಿ ಬೆಳಗ್ಗೆ ಕೆಲಸಕ್ಕಾಗಿ ಕಾದು ನಿಲ್ಲುವವರಲ್ಲಿ ಬಂಗಾಳ, ಜಾರ್ಖಂಡ್ ಮೊದಲಾದ ಕಡೆಗಳಿಂದ ಬಂದವರೂ ಇದ್ದಾರೆ. ಕೇರಳದಲ್ಲಿ ಅವರನ್ನು ಅತಿಥಿ ಕಾರ್ಮಿಕರೆಂದು ಕರೆಯುತ್ತಾರೆ. ಮತ್ತಾಯ 20ರಲ್ಲಿ ದ್ರಾಕ್ಷೆತೋಟದ ಯಜಮಾನನು ಸಂಜೆಗೂ ಸಂತೆಬೀದಿಗೆ ಹೋಗಿ, ಇನ್ನೂ ನಿಂತಿದ್ದವರನ್ನು ಯಾಕೆಂದು ಕೇಳಿದಾಗ, ನಮ್ಮನ್ನು ಯಾರೂ ಕರೆಯಲಿಲ್ಲ ಎಂಬ ಉತ್ತರ ಬರುತ್ತದೆ. ಹತ್ತು ಗಂಟೆಯಾದರೂ ಕರೆ ಬಾರದೆ ನಿಂತವರನ್ನು ನೋಡಿ ಆ ವಚನ ಓದಿ. ಮನೆಗೆ ಹೋಗಿ ಧರ್ಮೋಪದೇಶಕಾಂಡ 24:15ನ್ನೂ ಯಾಕೋಬನ ಪತ್ರಿಕೆ 5:4ನ್ನೂ ಓದಿ: ಮೊದಲನೆಯದು ಸೂರ್ಯ ಮುಳುಗುವ ಮೊದಲೇ ಕೂಲಿ ಕೊಡಬೇಕೆನ್ನುತ್ತದೆ, ಎರಡನೆಯದು ತಡೆಹಿಡಿದ ಕೂಲಿ ಕೂಗಿಕೊಳ್ಳುತ್ತದೆ ಎನ್ನುತ್ತದೆ. ಅಡಿಕೆಗೆ ಬೆಲೆ ಬಂದ ಮೇಲೆ ಕೊಡುತ್ತೇನೆಂದು ಬಾಕಿ ಇಟ್ಟವರು ಈ ಪಾಠವನ್ನು ಪ್ರಾರ್ಥನೆಯಲ್ಲಿ ಹೇಳುವ ಮೊದಲು ಬಾಕಿಯನ್ನು ತೀರಿಸಬೇಕು. ಅಂಗಡಿಯವರಿಗೆ, ತಕ್ಕಡಿ ನ್ಯಾಯವಾಗಿರಬೇಕೆನ್ನುವ ಯಾಜಕಕಾಂಡ 19:36 ಇದೆ.

ಪಾಠ ಹುಡುಕಬಾರದ ಜಾಗವೂ ಒಂದಿದೆ. ಎಣ್ಮಕಜೆ ಮೊದಲಾದ ಪಂಚಾಯತುಗಳಲ್ಲಿ ಗೇರು ತೋಟಗಳ ಮೇಲೆ 2000ನೆಯ ಇಸವಿಯವರೆಗೂ ಆಕಾಶದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಲಾಗುತ್ತಿತ್ತು; ಅದರ ಸಂಕಟವನ್ನು ಹೊತ್ತ ಮನೆಗಳ ಮುಂದೆ ನಿಂತು, ದೇವರು ಇದರಿಂದ ಏನು ಕಲಿಸುತ್ತಿದ್ದಾನೆ ಎಂದು ಹೇಳಲು ಯಾರಿಗೂ ಅಧಿಕಾರವಿಲ್ಲ. ಹುಟ್ಟುಕುರುಡನ ವಿಷಯದಲ್ಲಿ ಪಾಪ ಯಾರದೆಂದು ಶಿಷ್ಯರು ಕೇಳಿದಾಗ ಯೇಸು ಆ ಪ್ರಶ್ನೆಯನ್ನೇ ತಳ್ಳಿಹಾಕಿದನು. ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿ ಇತರರಿಗಿಂತ ಹೆಚ್ಚು ತಪ್ಪಿತಸ್ಥರಲ್ಲ ಎಂದನು. ಇನ್ನೊಬ್ಬರ ನೋವು ನಮ್ಮ ಉದಾಹರಣೆಯಾಗಬಾರದು. ಅಲ್ಲಿ ಮಾಡಬೇಕಾದದ್ದು ಆಸ್ಪತ್ರೆಗೆ ಜತೆಯಾಗುವುದು, ಪಿಂಚಣಿಯ ಅರ್ಜಿ ಬರೆದುಕೊಡುವುದು.

ಉಳಿದದ್ದು ಸರಳ. ಒಂದು ಪುಸ್ತಕದಲ್ಲಿ ಆ ದಿನ ಕೆಲಸದಲ್ಲಿ ಕಂಡದ್ದನ್ನು ಒಂದು ಸಾಲಿನಲ್ಲಿ, ಓದಿದ ವಾಕ್ಯವನ್ನು ಇನ್ನೊಂದರಲ್ಲಿ, ನಾಳೆ ನಾನು ಬದಲಾಯಿಸಬೇಕಾದದ್ದನ್ನು ಮೂರನೆಯದರಲ್ಲಿ ಬರೆಯಿರಿ. ಮೂರನೆಯ ಸಾಲು ಬೇರೆಯವರ ಬಗ್ಗೆಯಾದರೆ ಹೊಡೆದುಹಾಕಿ ಮತ್ತೆ ಬರೆಯಿರಿ. ಏನೂ ಹೊಳೆಯದ ದಿನ ಖಾಲಿ ಬಿಡಿ. ಕೆಲಸವನ್ನು ಕರ್ತನಿಗೆಂದು ಮನಃಪೂರ್ವಕವಾಗಿ ಮಾಡಿದ್ದರೆ ಕೊಲೊಸ್ಸೆ 3:23ರ ಮಾತು ಆ ದಿನಕ್ಕೂ ಸಲ್ಲುತ್ತದೆ. ರಾತ್ರಿಯ ಕುಟುಂಬ ಪ್ರಾರ್ಥನೆಯಲ್ಲಾಗಲಿ ತೆರ್ಸ್ (ಜಪಮಾಲೆಯ ಪ್ರಾರ್ಥನೆ) ಮುಗಿದ ಮೇಲಾಗಲಿ ಅದನ್ನು ಮನೆಯ ಮಾತಿನಲ್ಲೇ, ತುಳುವಿನಲ್ಲೋ ಕೊಂಕಣಿಯಲ್ಲೋ ಕನ್ನಡದಲ್ಲೋ, ಚಿಕ್ಕದಾಗಿ ಹೇಳಿ. ಆಮೇಲೆ ಮಕ್ಕಳಿಗೆ ಪಾಠ ವಿವರಿಸಲು ಹೋಗದೆ, ಅವರು ಶಾಲೆಯಲ್ಲಿ ಆ ದಿನ ಏನು ನೋಡಿದರೆಂದು ಕೇಳಿ, ಅವರ ಮಾತು ಮುಗಿಯುವವರೆಗೆ ಸುಮ್ಮನಿರಿ.