14,000 ರೂಪಾಯಿಯಲ್ಲಿ ಕಿವಿಯ ಸದ್ದು ಹಿಡಿದೆ

ಕೊನೆಗೂ ಸಿಕ್ಕಿತು. ಉಡುಪಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ಸೌಂಡ್‌ಪ್ರೂಫ್ ರೂಮ್ ಇಲ್ಲದೆ, ನಾನೇ ಕಟ್ಟಿದ ಪ್ರೋಬ್‌ನಲ್ಲಿ (ಕಿವಿಗೆ ಸಿಕ್ಕಿಸುವ, ಇಯರ್‌ಫೋನೂ ಮೈಕೂ ಇರುವ ಸಾಧನ) ನನ್ನ ಬಲಗಿವಿಯ ಡಿಪಿ ಬಂತು. ಡಿಪಿ ಅಂದರೆ ಎರಡು ಟೋನ್ ಕೊಟ್ಟಾಗ ಒಳಗಿವಿ ತಾನೇ ಹುಟ್ಟಿಸಿ ಹೊರಗೆ ಬಿಡುವ ಮೂರನೆಯ ಸದ್ದು. 1640 ಮತ್ತು 2000 ಹರ್ಟ್ಜ್ ಟೋನ್ ಕೊಟ್ಟೆ, ಮೊದಲನೆಯದು 65, ಎರಡನೆಯದು 55 ಡಿಬಿ ಜೋರಿನಲ್ಲಿ. 1280ರಲ್ಲಿ ಸಣ್ಣ ಕಡ್ಡಿಯ ಹಾಗೆ ಎದ್ದು ನಿಂತಿತು, ಸುಮಾರು 8 ಡಿಬಿ. ಇದನ್ನು ಮನೆಯಲ್ಲೇ ಕಟ್ಟುತ್ತೇನೆ ಎಂದಾಗ "ಎಂತ ಮಾರಾಯ್ರೆ, ಮಿಷನ್‌ಗೆ ಲಕ್ಷಗಟ್ಟಲೆ ಕೊಡುವುದು ಸುಮ್ನೆಯಾ?" ಎಂದಿದ್ದರು ನನ್ನ ಜೊತೆಯ ಆಡಿಯಾಲಜಿಸ್ಟ್‌ಗಳು, ಅಂದರೆ ಕಿವಿ ಪರೀಕ್ಷೆ ಮಾಡುವವರು. ನನಗೆ ಬಿದ್ದದ್ದು 14,000ದ ಆಸುಪಾಸು. ಅದರಲ್ಲಿ 5,000 ನೀರಿಗೆ ಹೋಯಿತು.

ಅದು ಹೋದದ್ದು ಹೀಗೆ. ಮೊದಲು ಎರಡೂ ಟೋನ್‌ಗಳನ್ನು ಒಂದೇ ದುಬಾರಿ ಇಯರ್‌ಫೋನಿನಲ್ಲಿ ಬಿಟ್ಟೆ. ಮೊದಲ ದಿನವೇ 1280ರಲ್ಲಿ ಭರ್ಜರಿ ಗೆರೆ! ಹೆಂಡತಿಯನ್ನು ಕರೆದು ತೋರಿಸಿದೆ. ರಾತ್ರಿ ಮಲಗಿದಾಗ ಅನುಮಾನ ಬಂತು, ಎದ್ದು ಹೋಗಿ ತುದಿ ಕತ್ತರಿಸಿದ 2 ಎಂಎಲ್ ಸಿರಿಂಜಿಗೆ ಪ್ರೋಬ್ ಸಿಕ್ಕಿಸಿ ನೋಡಿದೆ. ಅದೇ ಗೆರೆ, ಅಷ್ಟೇ ಎತ್ತರ. ಕಿವಿಯಲ್ಲಾದರೆ ಆ ಸದ್ದಿನ ಹಿಂದೆ ಒಳಗಿವಿಯ ಹೇರ್ ಸೆಲ್ ಎಂಬ ಜೀವಕೋಶಗಳಿವೆ, ಸಿರಿಂಜಿಗೆ ಎಲ್ಲಿಯ ಹೇರ್ ಸೆಲ್? ಎರಡು ಟೋನ್ ಬೆರೆತು ಆ ಮೂರನೆಯದನ್ನು ಇಯರ್‌ಫೋನೇ ಹುಟ್ಟಿಸುತ್ತಿತ್ತು. ಟೋನಿಗೊಂದು ಇಯರ್‌ಫೋನ್, ಒಂದೊಂದಕ್ಕೆ ಬೇರೆ ನಳಿಗೆ ಹಾಕಿದ ಮೇಲೆ ಸಿರಿಂಜು ಸುಮ್ಮನಾಯಿತು. ಈಗಲೂ ಮೊದಲು ಸಿರಿಂಜು, ಆಮೇಲೆ ಕಿವಿ.

ಮತ್ತೆ ಗದ್ದಲದ ಕಾಟ. ಜುಲೈಯಲ್ಲಿ ಶೀಟಿನ ಮೇಲೆ ಮಳೆ ಹೊಡೆಯುವಾಗ ಏನೂ ಆಗಲಿಲ್ಲ, ಬಿಟ್ಟುಬಿಟ್ಟೆ. ಮಳೆ ನಿಂತ ಮೇಲೆ ಬೆಳಗ್ಗೆ 4ಕ್ಕೆ ಏಳುವುದು, ಫ್ಯಾನ್ ಬಂದ್, ಫ್ರಿಜ್ ಬಂದ್, ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ. ಸರಾಸರಿಗೆ ತೆಗೆದುಕೊಳ್ಳುವ ರೆಕಾರ್ಡಿಂಗ್ ತುಣುಕುಗಳನ್ನು ದುಪ್ಪಟ್ಟು ಮಾಡಿದರೆ ಗದ್ದಲ ಇಳಿಯುವುದು 3 ಡಿಬಿ ಮಾತ್ರ, ಎಂಜಲು ನುಂಗಿದರೆ ಆ ತುಣುಕು ಎಸೆಯಬೇಕು. ಯಾವುದನ್ನು ಎಸೆಯಬೇಕೆಂಬ ಲೆಕ್ಕವನ್ನೂ ಪ್ರೋಬಿನ ತುದಿಯೊಳಗೆ ಮೈಕ್ ಕೂರಿಸಿದ ರೀತಿಯನ್ನೂ ಇಲ್ಲಿ ಬಿಚ್ಚಿ ಹೇಳುವುದಿಲ್ಲ, ಅದಕ್ಕೆ ನನ್ನ ಆರು ತಿಂಗಳು ಹೋಗಿದೆ.

ಕಿವಿಯೊಳಗೆ ಶಕ್ತಿ ತುಂಬುವ ಜೀವಂತ ವ್ಯವಸ್ಥೆ ಇದೆ ಎಂದು ವಿಜ್ಞಾನಿ ಥಾಮಸ್ ಗೋಲ್ಡ್ 1948ರಲ್ಲೇ ಹೇಳಿದ್ದರು. ಇನ್ನೊಬ್ಬ ವಿಜ್ಞಾನಿ ಡೇವಿಡ್ ಕೆಂಪ್ ಕಿವಿಯಿಂದ ಹೊರಬರುವ ಸದ್ದು ಹಿಡಿದು ತೋರಿಸಿದ್ದು 1978ರಲ್ಲಿ. ಮೂವತ್ತು ವರ್ಷ! ಆ ಕಡ್ಡಿ ಎದ್ದ ಬೆಳಗ್ಗೆ ನನಗೆ ಗೋಲ್ಡ್ ಅವರದೇ ನೆನಪು.

ಒಂದು ದಿನ ಯಾವ ಟೋನೂ ಕೊಡದೆ ಹೆಂಡತಿಯ ಎಡಗಿವಿಗೆ ಬರೀ ಮೈಕ್ ಇಟ್ಟೆ. 1500ರ ಹತ್ತಿರ ತೆಳ್ಳಗಿನ ಗೆರೆ. ಅವಳ ಕಿವಿ ತಾನಾಗಿಯೇ ಹಾಡುತ್ತಿದೆ, ಅವಳಿಗೆ ಮಾತ್ರ ಕೇಳಿಸುವುದಿಲ್ಲ.

ಪೇಶೆಂಟ್‌ಗಳಿಗೆ ಇದನ್ನು ಬಳಸಿಲ್ಲ. ಮನೆಯವರು, ಗೆಳೆಯರು, ಅಷ್ಟೇ. ಅವರಲ್ಲಿ ಯಕ್ಷಗಾನದ ಚೆಂಡೆಯವರೊಬ್ಬರು. ಅವರ ಆಡಿಯೋಗ್ರಾಮ್ (ಎಷ್ಟು ಮೆಲ್ಲನೆಯ ಸದ್ದು ಕೇಳಿಸುತ್ತದೆ ಎಂಬ ಪರೀಕ್ಷೆಯ ನಕ್ಷೆ) 4000 ಹರ್ಟ್ಜ್‌ನಲ್ಲಿ 20 ಡಿಬಿಯ ಒಳಗೇ ಇದೆ, ನಾರ್ಮಲ್ ಎಂದೇ ಬರೆಯುತ್ತೇವೆ ಅಲ್ವಾ? ಆದರೆ 4000ದ ಡಿಪಿ ಎರಡೂ ಕಿವಿಯಲ್ಲಿ ಇಲ್ಲ. ಮೂರು ಸಲ ಪ್ರೋಬ್ ತೆಗೆದು ಹಾಕಿದೆ, ಸಿರಿಂಜು ನೋಡಿದೆ, ನನ್ನ ಕಿವಿಗೂ ಹಾಕಿ ನೋಡಿದೆ. ಪ್ರೋಬ್ ಸರಿಯೇ ಇದೆ. ಹೊರಸಾಲಿನ ಹೇರ್ ಸೆಲ್‌ಗಳು ಸೋಲುತ್ತಿರಬಹುದು. ಆದರೆ ಅವರು ಬಂದದ್ದು ಇಡೀ ರಾತ್ರಿ ಆಟ ಮುಗಿಸಿ, ಹಾಗಾಗಿ ಕಿವಿ ದಣಿದಿತ್ತೋ ಏನೋ. ಮೇ ಕೊನೆಯ ಪತ್ತನಾಜೆಗೆ ಮೇಳ ಗೆಜ್ಜೆ ಬಿಚ್ಚಿ ವರ್ಷದ ತಿರುಗಾಟ ಮುಗಿಸಿದ ಮೇಲೆ ವಾರ ಬಿಟ್ಟು ಬನ್ನಿ ಎಂದಿದ್ದೇನೆ. ಮಳೆ ಹಿಡಿಯುವ ಮೊದಲೇ ನೋಡಿಬಿಡಬೇಕು.