ಮನೆಯ ಸದ್ದುಗಳನ್ನು ದೂರದಲ್ಲಿರುವವರಿಗಾಗಿ ಮುದ್ರಿಸಿಕೊಳ್ಳುವ ಬಗೆ

ಓದಿಗೋ ಕೆಲಸಕ್ಕೋ ಊರು ಬಿಟ್ಟವರಿಗೆ ಉಪ್ಪಿನಕಾಯಿ, ಚಟ್ನಿಪುಡಿ ಕಟ್ಟಿ ಕಳುಹಿಸುವ ರೂಢಿ ನಮ್ಮಲ್ಲಿದೆ; ಮನೆಯ ಸದ್ದನ್ನು ಕಳುಹಿಸುವ ರೂಢಿ ಇನ್ನೂ ಬಂದಿಲ್ಲ. ಜೋಡಿ ಗಾಜಿನ ಕಿಟಕಿಗಳನ್ನು ಚಳಿಗಾಲವಿಡೀ ಮುಚ್ಚಿಯೇ ಇಡುವ ದೇಶಗಳಲ್ಲಿ ನೆಲೆಸಿದ ಕೆಲವರಿಗೆ, ಬೀದಿಯೂ ನೆರೆಮನೆಯೂ ಕೇಳಿಸದ ಆ ನಿಶ್ಶಬ್ದವೇ ಮೊದಮೊದಲು ನಿದ್ದೆ ಕೆಡಿಸುತ್ತದೆ. ಅಂಥವರಿಗಾಗಿ ಅಡುಗೆಮನೆಯ, ಅಂಗಳದ, ಮಳೆಯ ಸದ್ದುಗಳನ್ನು ಕೈಯಲ್ಲಿರುವ ಮೊಬೈಲಿನಲ್ಲಿಯೇ ತಕ್ಕಮಟ್ಟಿಗೆ ಚೆನ್ನಾಗಿ ಮುದ್ರಿಸಿಕೊಳ್ಳಬಹುದು.

ಮೊದಲು ತೀರ್ಮಾನಿಸಬೇಕಾದದ್ದು ಫೋನನ್ನು ಎಲ್ಲಿಡಬೇಕೆಂಬುದನ್ನು. ಒಲೆಯ ಪಕ್ಕದಲ್ಲಿಟ್ಟರೆ ಸದ್ದು ಸ್ಪಷ್ಟವಾಗಿ ಸಿಗುತ್ತದೆ, ಆದರೆ ಕೇಳುವವರು ಆ ಸದ್ದನ್ನು ಒಲೆಯ ಪಕ್ಕದಲ್ಲಿ ನಿಂತು ಕೇಳಿದವರೇ ಅಲ್ಲದಿರಬಹುದು. ಪಡಸಾಲೆಯಲ್ಲಿ ಮಲಗುತ್ತಿದ್ದ ಮಗನಿಗೆ ಬೇಕಾದದ್ದು, ಗೋಡೆಯಾಚೆಯಿಂದ ಅರ್ಧ ಮಸುಕಾಗಿ ಬರುತ್ತಿದ್ದ ಪಾತ್ರೆಯ ಸದ್ದು. ಆದ್ದರಿಂದ ಯಾರಿಗಾಗಿ ಮುದ್ರಿಸುತ್ತೀರೋ ಅವರು ದಿನವೂ ಕೂರುತ್ತಿದ್ದ ಅಥವಾ ಮಲಗುತ್ತಿದ್ದ ಜಾಗದಲ್ಲಿ, ಅವರ ಕಿವಿಯ ಎತ್ತರದಲ್ಲಿ ಫೋನನ್ನಿಡಿ. ರೇಡಿಯೋದ ವಿಷಯದಲ್ಲಿಯೂ ಇದೇ ಮಾತು: ಪ್ರದೇಶ ಸಮಾಚಾರವನ್ನು ಎಲ್ಲಿ ಬೇಕಾದರೂ ಕೇಳಬಹುದು, ನಿಮ್ಮ ನಡುಮನೆಯ ರೇಡಿಯೋ ಬಚ್ಚಲಿಗೆ ಕೇಳಿಸುವ ರೀತಿ ಮಾತ್ರ ಬೇರೆಲ್ಲೂ ಸಿಗದು.

ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಿಸಿದ ಟವೆಲ್ಲಿನ ಮೇಲಿಡಿ; ಇಲ್ಲವಾದರೆ ಮೇಜಿನ ಅದುರೂ ಮುದ್ರಣದೊಳಗೆ ಸೇರಿಕೊಳ್ಳುತ್ತದೆ. ಹೆಚ್ಚಿನ ಫೋನುಗಳಲ್ಲಿ ಮುಖ್ಯ ಮೈಕು ಕೆಳತುದಿಯಲ್ಲಿರುವುದರಿಂದ ಆ ತುದಿಯನ್ನು ಸದ್ದು ಬರುವ ಕಡೆಗೆ ತಿರುಗಿಸಿ. ರೆಕಾರ್ಡರ್ ಆ್ಯಪ್‌ನಲ್ಲಿ ಗದ್ದಲ ತಗ್ಗಿಸುವ ಸೌಲಭ್ಯವಿದ್ದರೆ ಅದನ್ನು ತಪ್ಪದೆ ಆಫ್ ಮಾಡಿಬಿಡಿ. ಮಾತನ್ನು ಉಳಿಸಿ, ಒಂದೇ ಸಮನೆ ಕೇಳಿಬರುವ ಫ್ಯಾನಿನ ಅಥವಾ ಮಳೆಯ ಸದ್ದನ್ನು ಅಳಿಸುವುದೇ ಅದರ ಕೆಲಸ, ಆದರೆ ನಮಗೆ ಬೇಕಾದದ್ದೇ ಆ ಗದ್ದಲ. ಸದ್ದನ್ನು ಕುಗ್ಗಿಸದೆ ಇಡುವ ವೇವ್ (WAV) ಕಡತವಾಗಿ ಉಳಿಸಲು ಅವಕಾಶವಿದ್ದರೆ ಅದನ್ನೇ ಆರಿಸಿಕೊಳ್ಳಿ, ಸ್ಟೀರಿಯೋ, 44.1 ಕಿಲೋಹರ್ಟ್ಸ್, 16 ಬಿಟ್ ಆದರೆ ನಿಮಿಷಕ್ಕೆ ಸುಮಾರು 10 ಎಂಬಿಯಂತೆ ಅರ್ಧ ಗಂಟೆಗೆ 300 ಎಂಬಿಗೂ ತುಸು ಹೆಚ್ಚು ಜಾಗ ಬೇಕಾಗುತ್ತದೆ.

ತುಣುಕು ತುಣುಕಾಗಿ ಮುದ್ರಿಸದೆ ಕನಿಷ್ಠ ಅರ್ಧ ಗಂಟೆ ಬಿಟ್ಟುಬಿಡುವುದು ಮೇಲು. ನೆಮ್ಮದಿ ಕೊಡುವುದು ಬಿಡಿ ಸದ್ದಿಗಿಂತ ಹೆಚ್ಚಾಗಿ ಅದರ ಮುಂದೇನು ಬರುತ್ತದೆಂಬುದು ಮೊದಲೇ ಗೊತ್ತಿರುವ ಕ್ರಮ. ಒಗ್ಗರಣೆಯನ್ನೇ ನೋಡಿ: ಕಾದ ಎಣ್ಣೆಯಲ್ಲಿ ಸಾಸಿವೆಯೊಳಗಿನ ತೇವ ಆವಿಯಾಗಿ ಒಂದೊಂದೇ ಕಾಳು ಸಿಡಿಯತೊಡಗುತ್ತದೆ, ಆಮೇಲೆ ಎಲ್ಲವೂ ಒಟ್ಟಿಗೆ ಚಟಪಟ ಎನ್ನುತ್ತವೆ, ಅದು ಇಳಿಯುವಷ್ಟರಲ್ಲಿ ಹಸಿ ಕರಿಬೇವು ಬಿದ್ದು ಚೊರ್ ಎನ್ನುತ್ತದೆ, ಕೊನೆಗೆ ಸಾರಿಗೆ ಸುರಿದ ಕೂಡಲೇ ಎಲ್ಲ ಅಡಗುತ್ತದೆ. ಈ ನಾಲ್ಕು ಹಂತಗಳಲ್ಲಿ ಒಂದು ತಪ್ಪಿದರೂ ಕಿವಿಗೆ ಕೊರತೆ ಎನಿಸುತ್ತದೆ. ಉತ್ತರ ಕರ್ನಾಟಕದ ಮನೆಯಾದರೆ ಜೋಳದ ರೊಟ್ಟಿ ಬಡಿಯುವುದನ್ನು ಮೊದಲ ರೊಟ್ಟಿಯಿಂದ ಕೊನೆಯದರವರೆಗೆ ಮುದ್ರಿಸಬೇಕೆಂಬುದು ನನ್ನ ಅಭಿಪ್ರಾಯ. ಹಿಟ್ಟಿನ ಮುದ್ದೆ ದಪ್ಪಗಿರುವಾಗ ಬಡಿತ ಮಂದವಾಗಿರುತ್ತದೆ, ರೊಟ್ಟಿ ಅಗಲವಾಗಿ ತೆಳ್ಳಗಾದಂತೆ ಅದು ಹಗುರವಾಗಿ ಚುರುಕಾಗುತ್ತದೆ, ನಡುನಡುವೆ ಬಳೆಗಳ ಸದ್ದು ಸೇರುತ್ತದೆ. ಬಳೆಯನ್ನು ತೆಗೆದಿಡಲು ದಯವಿಟ್ಟು ಯಾರಿಗೂ ಹೇಳಬೇಡಿ. ಕುಕ್ಕರ್ ಕೂಗುವಾಗ ಮುದ್ರಣದ ಮಟ್ಟ ಮಿತಿ ಮೀರಿ ಸದ್ದು ಒಡೆಯುತ್ತದೆ. ಆದ್ದರಿಂದ ಮಟ್ಟವನ್ನು ಮೊದಲೇ ತಗ್ಗಿಸಿಡಿ, ಆ್ಯಪ್‌ನಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಫೋನನ್ನು ಇನ್ನೊಂದು ಕೋಣೆಗೆ ಸಾಗಿಸಿ. ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ ಮುದ್ರಣದಲ್ಲಿ ಎದ್ದು ಕೇಳಿಸುತ್ತದೆಯಾದರೂ ಅದೂ ಆ ಮನೆಯದೇ, ಇರಲಿ.

ಮಳೆಗೆ ಸ್ವಲ್ಪ ಜಾಗರೂಕತೆ ಬೇಕು. ಮೈಕಿಗೆ ಗಾಳಿ ನೇರವಾಗಿ ಬಡಿದರೆ ಬುಸುಗುಟ್ಟುವ ಸದ್ದಿನಲ್ಲಿ ಉಳಿದದ್ದೆಲ್ಲ ಮುಳುಗಿಹೋಗುವುದರಿಂದ, ಕಿಟಕಿಯಿಂದ ಒಳಗೆ ಮರೆಯಾದ ಜಾಗದಲ್ಲಿ ಫೋನನ್ನಿಡಬೇಕು. ತಗಡಿನ ಮಾಡಿನ ಕೆಳಗೆ ಸದ್ದು ವಿಪರೀತವಾಗುವುದರಿಂದ ಒಳಕೋಣೆಯೇ ಒಳ್ಳೆಯದು. ಹೆಂಚಿನ ಮನೆಯಲ್ಲಿ ಆ ತೊಂದರೆ ಕಡಿಮೆ. ಮಳೆ ನಿಂತ ಮೇಲೂ ಕಾಲು ಗಂಟೆ ಮುದ್ರಣ ನಡೆಯಲಿ, ಸೂರಿನ ನೀರು ತೊಟ್ಟಿಕ್ಕುವುದೂ ಕಪ್ಪೆಗಳು ಶುರುವಾಗುವುದೂ ಆಗಲೇ.

ಮನೆಯವರಿಗೆ ವಿಷಯ ತಿಳಿಸಿಯೇ ಮುದ್ರಿಸಬೇಕು. ಆರಂಭದಲ್ಲಿ ಅವರು ಫೋನಿನತ್ತ ನೋಡುತ್ತ ಗ್ರಾಂಥಿಕವಾಗಿ ಮಾತನಾಡಿದರೂ, ಹಾಲು ಉಕ್ಕುವ ಹೊತ್ತಿಗೆ ಎಲ್ಲವನ್ನೂ ಮರೆಯುತ್ತಾರೆ. ಅಕ್ಕಪಕ್ಕದವರ ಖಾಸಗಿ ಮಾತು ಸೇರಿಕೊಂಡಿದ್ದರೆ ಆ ಭಾಗವನ್ನು ಕತ್ತರಿಸಿ. ಸೊಪ್ಪು ಮಾರುವವರ ಕೂಗನ್ನು ಕತ್ತರಿಸಬೇಕಿಲ್ಲ, ಆದರೆ ಅದು ಮನೆಮಂದಿಯ ನಡುವೆಯೇ ಉಳಿಯಲಿ.

ಕಳುಹಿಸುವಾಗ ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಎಂದು ಲಗತ್ತಿಸಿದರೆ ಕಡತ ಕುಗ್ಗದೆ ತಲುಪುತ್ತದೆ. ಕಡತದ ಹೆಸರಿನಲ್ಲಿ ವರ್ಷ, ತಿಂಗಳು, ಜಾಗ ಇರಲಿ, ಒಂದು ಪ್ರತಿ ಬೇರೆಡೆಯೂ ಇರಲಿ. ಕೇಳುವವರು ಇಯರ್‌ಫೋನ್ ಬಿಟ್ಟು ಸಣ್ಣ ಸ್ಪೀಕರಿನಲ್ಲಿ, ಪಕ್ಕದ ಕೋಣೆಯಿಂದ ಬರುವಷ್ಟು ತಗ್ಗಿನ ದನಿಯಲ್ಲಿ ಹಾಕಿಕೊಳ್ಳಲಿ. ಮಳೆಯ ಸದ್ದು ಎಲ್ಲ ಸ್ಥಾಯಿಗಳಲ್ಲಿಯೂ ಹರಡಿಕೊಂಡಿರುವುದರಿಂದ ಇತರ ಚಿಕ್ಕ ಸದ್ದುಗಳನ್ನು ಮರೆಮಾಡುತ್ತದೆ; ಆದಕಾರಣ ಮಲಗುವ ಹೊತ್ತಿಗೆ ಮಳೆ ಅಥವಾ ಫ್ಯಾನಿನ ಕಡತವನ್ನು ಟೈಮರ್ ಇಟ್ಟು ಕೇಳಬಹುದು. ಅಡುಗೆಮನೆಯ ಕಡತವನ್ನು ಅದರ ಹಿಂದೆಯೇ ಸರತಿಯಲ್ಲಿ ಸೇರಿಸಬೇಡಿ, ನಡುರಾತ್ರಿ ಕುಕ್ಕರ್ ಕೂಗೀತು.