ಹೇಳಿ ಹೋಗುವ ಮಾರಾಟ: ಶಿರಸಿ ಸೀಮೆಯಲ್ಲಿ ನನ್ನ ಅನುಭವ

ನನ್ನ ಮುಖ್ಯ ಕಸುಬು ಹೊಲಿಗೆ. ಅದರ ಜೊತೆಗೆ ಒಂದು ಡೈರೆಕ್ಟ್ ಸೆಲ್ಲಿಂಗ್ (ಅಂಗಡಿ ಇಲ್ಲದೆ ನಮ್ಮಂಥವರ ಕೈಯಿಂದ ನೇರ ಗಿರಾಕಿಗೆ ಮಾರಿಸುವ) ಕಂಪನಿಯ ಸೋಪು, ಶಾಂಪೂ, ಪಾತ್ರೆ ತೊಳೆಯುವ ಲಿಕ್ವಿಡ್, ಪ್ರೋಟೀನ್ ಪುಡಿ ಮಾರುತ್ತೇನೆ. ಗಿರಾಕಿಗಳು ಶಿರಸಿ ಪೇಟೆಯಲ್ಲಿ ಕೆಲವರು, ಹುಲೇಕಲ್ ಕಡೆಯ ಹಳ್ಳಿಗಳಲ್ಲಿ ಹೆಚ್ಚಿನವರು.

2021ರ ಮಧ್ಯದಲ್ಲಿ ಕೇಂದ್ರ ಸರ್ಕಾರ ನೇರ ಮಾರಾಟಕ್ಕೆ ಕರಡು ನಿಯಮ ಪ್ರಕಟಿಸಿದಾಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಗಾಬರಿಯೋ ಗಾಬರಿ. ‘ಪಾರ್ಟ್ ಟೈಮ್‌ನವರ ಕತೆ ಇಲ್ಲಿಗೆ ಮುಗೀತು’ ಅಂತ ಅಪ್‌ಲೈನ್‌ನವರೇ, ಅಂದರೆ ನಮ್ಮನ್ನು ಕಂಪನಿಗೆ ಸೇರಿಸಿದ ಮೇಲಿನವರೇ, ಹಾಕಿದರು. 2016ರಲ್ಲಿ ಬಂದದ್ದು ಬರೀ ಮಾರ್ಗಸೂಚಿ. ಈ ಸಲ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಿಯಮವೇ ಬರುತ್ತದೆ ಎಂಬ ಹೆದರಿಕೆ. ಅದೇ ವರ್ಷ ಡಿಸೆಂಬರ್ 28ಕ್ಕೆ ನಿಯಮ ಹೊರಬಿತ್ತು. ನಾನು ಅದನ್ನು ಮೊಬೈಲ್‌ಗೆ ಇಳಿಸಿಕೊಂಡು, ಕಾನೂನು ಓದಿದ ತಮ್ಮನನ್ನು ಪಕ್ಕಕ್ಕೆ ಕೂರಿಸಿಕೊಂಡು ಸಾಲು ಸಾಲಾಗಿ ಓದಿದೆ. ಓದಿ ಮುಗಿಸಿದಾಗ ಗೊತ್ತಾಯಿತು, ಹೆದರಬೇಕಾದವರು ನನ್ನಂಥವರಲ್ಲ.

ನನ್ನಂಥವರಿಗೆ ಎಲ್ಲಕ್ಕಿಂತ ಬಿಗಿಯಾದದ್ದು ಇದು: ಗುರುತಿನ ಚೀಟಿ ಇಲ್ಲದೆ, ಮೊದಲೇ ಸಮಯ ಕೇಳದೆ ಅಥವಾ ಒಪ್ಪಿಗೆ ಪಡೆಯದೆ ಗಿರಾಕಿಯ ಮನೆಗೆ ಹೋಗುವಂತಿಲ್ಲ. ಕೇಳುವುದಕ್ಕೆ ಸುಲಭ. ಆದರೆ ನಮ್ಮ ಕಡೆ ಯಾರ ಮನೆಗಾದರೂ ಹೇಳಿ ಹೋಗುವ ರೂಢಿ ಎಲ್ಲಿದೆ? ಅಂಗಳಕ್ಕೆ ಕಾಲಿಟ್ಟರೆ ‘ಆಸರಿಗೆ ಏನು ಮಾಡಲಿ’ ಅನ್ನುತ್ತಾರೆ, ಮಜ್ಜಿಗೆಯೋ ಕಷಾಯವೋ ಬರುತ್ತದೆ. ಅಷ್ಟು ಉಪಚಾರ ಮಾಡಿಸಿಕೊಂಡ ಮೇಲೆ ಚೀಲ ಬಿಚ್ಚಿದರೆ ‘ಬೇಡ’ ಅನ್ನಲು ಅವರಿಗೆ ನಾಲಗೆ ಏಳುವುದಿಲ್ಲ. ಮಾತಿಗೆ ಕಟ್ಟುಬಿದ್ದು ಕೊಂಡ ಶಾಂಪೂ ಬಾಟಲಿ ಬಚ್ಚಲ ಗೂಡಿನಲ್ಲಿ ಧೂಳು ಹಿಡಿದು ಕೂತದ್ದನ್ನು ನಾನೇ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಹಾಗಾಗಿ ಈ ನಿಯಮ ನನಗೆ ಸರಿ ಅನ್ನಿಸಿತು.

ಪಾಲಿಸುವುದು ಹೇಗೆ ಎಂಬುದೇ ಪ್ರಶ್ನೆಯಾಯಿತು. ಮಳೆಗಾಲದಲ್ಲಿ ಕರೆಂಟ್ ಹೋದರೆ ಹಳ್ಳಿಯ ಟವರೂ ಹೋಗುತ್ತದೆ, ಫೋನ್ ತಾಗುವುದಿಲ್ಲ. ಅದಕ್ಕೆ ಪ್ರತಿ ಊರಿಗೂ ತಿಂಗಳಲ್ಲಿ ಒಂದು ದಿನ ಗೊತ್ತು ಮಾಡಿಕೊಂಡೆ. ಈ ಸಲ ಹೋದಾಗಲೇ ‘ಮುಂದಿನ ತಿಂಗಳು ಎರಡನೇ ಶನಿವಾರ ಬರಲಾ?’ ಅಂತ ಕೇಳಿ, ಹ್ಞೂಂ ಅಂದವರ ಹೆಸರನ್ನು ಮಾತ್ರ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ನಡುವೆ ಬೇಡವಾದರೆ ಡೇರಿಗೆ ಹಾಲು ಹಾಕಲು ಬರುವವರ ಹತ್ತಿರ ಹೇಳಿ ಕಳಿಸುತ್ತಾರೆ. ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ನಾನೇ ಹೋಗುವುದಿಲ್ಲ. ಗೊನೆ ಇಳಿಸಿ, ಸುಲಿದು, ಬೇಯಿಸುವ ಗಡಿಬಿಡಿಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಹೋದ ಕೂಡಲೇ ಕೊರಳಿನ ಐಡಿ ಕಾರ್ಡ್ ತೋರಿಸಿ, ಯಾವ ಕಂಪನಿ, ಯಾವ ವಸ್ತು, ಬೆಲೆ ಎಷ್ಟು, ಬೇಡವಾದರೆ ವಾಪಸ್ ಹೇಗೆ ಅಂತ ಮೊದಲೇ ಹೇಳುತ್ತೇನೆ. ಪರಿಚಯದವರು ‘ನಿನ್ನ ಕಾರ್ಡ್ ನಮಗೆ ಯಾಕೆ ತಂಗಿ’ ಅಂತಾರೆ. ಆದರೂ ತೋರಿಸುತ್ತೇನೆ. ನಾಳೆ ಪರಿಚಯವಿಲ್ಲದ ಯಾರೋ ಬಂದಾಗ ‘ಕಾರ್ಡ್ ಎಲ್ಲಿ?’ ಅಂತ ಕೇಳುವ ಅಭ್ಯಾಸ ಅವರಿಗೆ ಆಗಬೇಕು.

ಇನ್ನೊಂದು ಕಟ್ಟು, ಕಂಪನಿ ಒಪ್ಪದ ಮಾತನ್ನು ಹೇಳಿ ಮಾರುವಂತಿಲ್ಲ. ಒಬ್ಬ ಅಜ್ಜಿ ಪ್ರೋಟೀನ್ ಪುಡಿಯ ಡಬ್ಬ ತಿರುಗಿಸಿ ನೋಡುತ್ತ ‘ಇದ್ರಿಂದ ಶುಗರ್ ಇಳೀತ್ತಾ?’ ಅಂತ ಕೇಳಿದರು. ಮೀಟಿಂಗ್‌ಗಳಲ್ಲಿ ಇಂಥ ಪ್ರಶ್ನೆಗೆ ಉತ್ತರ ಹೇಗಿರಬೇಕೆಂದು ನಮಗೆ ಬಾಯಿಪಾಠ ಮಾಡಿಸಿದ್ದರು. ಅದನ್ನು ಹೇಳದೆ ನಾನು ‘ಇಲ್ಲ ಅಜ್ಜಿ, ಇದು ಔಷಧಿ ಅಲ್ಲ, ಡಾಕ್ಟರ ಹತ್ತಿರ ಕೇಳದೆ ತಗೊಳ್ಳಬೇಡಿ’ ಅಂದೆ. ಡಬ್ಬ ಚೀಲಕ್ಕೆ ವಾಪಸ್ ಬಂತು. ಸೋಪು ಮಾತ್ರ ತಪ್ಪದೆ ತಗೊಳ್ಳುತ್ತಾರೆ.

ನನ್ನ ಆದಾಯಕ್ಕೆ ನಿಜಕ್ಕೂ ಕತ್ತರಿ ಬಿದ್ದದ್ದು ‘ಐಡಿ ಹಾಕಿಸುವ’, ಅಂದರೆ ಹೊಸಬರನ್ನು ಮಾರಾಟಗಾರರಾಗಿ ಸೇರಿಸುವ ಕಡೆ. ಹೊಸಬರನ್ನು ಸೇರಿಸಿದ್ದಕ್ಕೇ ಹಣ ಸಿಗುವ ಪಿರಮಿಡ್ ಯೋಜನೆಗೆ ನಿಯಮದಲ್ಲಿ ಪೂರ್ತಿ ನಿಷೇಧವಿದೆ. ಜನ ಸೇರಿದಂತೆ ಸುಲಭವಾಗಿ ದುಡ್ಡು ಬರುತ್ತದೆ ಅಂತ ಹಣ ಕಟ್ಟಿಸಿಕೊಳ್ಳುವ ‘ಹಣ ಚಲಾವಣೆ’ ಯೋಜನೆಗಳಿಗೆ 1978ರ ಕಾಯ್ದೆಯಿಂದಲೇ ನಿಷೇಧ. ಸೇರುವುದಕ್ಕೆ ಶುಲ್ಕ ಕೇಳುವಂತಿಲ್ಲ. ಆದರೂ ‘ತಿಂಗಳ ಪಾಯಿಂಟ್ (ಮಾಲು ತರಿಸಿದ್ದಕ್ಕೆ ಸಿಗುವ ಅಂಕ) ತುಂಬಬೇಕು’ ಅಂತ ಸ್ವಂತ ದುಡ್ಡಿನಲ್ಲಿ ಮಾಲು ತರಿಸಿ ಮಂಚದ ಕೆಳಗೆ ಪೇರಿಸಿಟ್ಟವರು ನಮ್ಮಲ್ಲಿದ್ದಾರೆ. ಸ್ವಸಹಾಯ ಸಂಘದ ಸಾಲ ಎತ್ತಿ ತರಿಸಿದವರೂ ಇದ್ದಾರೆ. ಅವರನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ. ಮಾಲು ಮಾರಾಟವಾಗುವ ಸ್ಥಿತಿಯಲ್ಲಿದ್ದರೆ ಕಂಪನಿ ವಾಪಸ್ ಕೊಳ್ಳಬೇಕು, ಸೇರಿದ ಹೊಸದರಲ್ಲಿ ಮನಸ್ಸು ಬದಲಾದರೆ ದಂಡವಿಲ್ಲದೆ ಹೊರಬರಲು ಕಾಲಾವಕಾಶ ಕೊಡಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಈಗ ‘ನಾನೂ ಸೇರಲಾ ಅಕ್ಕಾ’ ಅಂತ ಬರುವ ಹುಡುಗಿಯರಿಗೆ ಮೊದಲು ನನ್ನ ಲಿಖಿತ ಒಪ್ಪಂದವನ್ನು ಕೊಟ್ಟು ಓದಿಸುತ್ತೇನೆ, ಆಮೇಲೆ ಲೆಕ್ಕದ ಪುಸ್ತಕ ತೋರಿಸುತ್ತೇನೆ. ಬಂದ ಕಮಿಷನ್ ಒಂದು ಕಡೆ, ಬಸ್ಸಿನ ಖರ್ಚು, ನನಗೇ ಅಂತ ಕೊಂಡ ಮಾಲಿನ ಖರ್ಚು ಇನ್ನೊಂದು ಕಡೆ. ನೋಡಿದ ಮೇಲೆ ಬಹಳ ಜನ ಸೇರುವುದಿಲ್ಲ, ಸೋಪು ಕೊಂಡು ಹೋಗುತ್ತಾರೆ. ಅಪ್‌ಲೈನ್‌ಗೆ ಇದು ಹಿಡಿಸುವುದಿಲ್ಲ.

ನಿಯಮ ನಡೆಯುತ್ತದೆಯೋ ಇಲ್ಲವೋ ನೋಡಲು ರಾಜ್ಯಗಳು ವ್ಯವಸ್ಥೆ ಮಾಡಬೇಕೆಂದು ಅದರಲ್ಲೇ ಬರೆದಿದೆ. ಅದು ತಾಲೂಕಿನವರೆಗೂ ಇಳಿದು ಬರಲಿ, ಸಂಘದ ಸಭೆಗಳಲ್ಲಿ ಕನ್ನಡದಲ್ಲಿ ಓದಿ ಹೇಳಲಿ ಎಂಬುದು ನನ್ನ ಬೇಡಿಕೆ. ಅಲ್ಲಿಯವರೆಗೆ ಪ್ರತಿ ಬಿಲ್ಲಿನ ಹಿಂದೆ ಗ್ರಾಹಕ ಸಹಾಯವಾಣಿ 1915 ಅಂತ ಪೆನ್ನಿನಲ್ಲಿ ಬರೆದೇ ಕೊಡುತ್ತಿದ್ದೇನೆ.